ಓಡುವ ಮನೆಯಲ್ಲಿ ಪಾತ್ರೆ ಸದ್ದು ಮಾಡಬಾರದು

ವ್ಯಾನಿನೊಳಗೆ ಮನೆ ಮಾಡಿಕೊಳ್ಳಲು ಹೊರಟ ಈಗಿನ ಹುಡುಗರು ಮೊಟ್ಟಮೊದಲು ಕೊಂಡು ತರುವುದು ಬಣ್ಣ ಬದಲಾಯಿಸುವ ಎಲ್‌ಇಡಿ ಪಟ್ಟಿ. ಆಮೇಲೆ ಗೋಡೆಗೊಂದು ಮರದ ಹಲಗೆ, ಅದರ ಮೇಲೆ ಗಾಜಿನ ಬಾಟಲಿಗಳ ಸಾಲು, ಮೂಲೆಯಲ್ಲಿ ತೂಗುಹಾಕಿದ ಮನಿಪ್ಲಾಂಟು. ಫೋಟೋ ತೆಗೆಯುವ ತನಕ ಎಲ್ಲ ಚೆಂದ. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ಬಾಟಲಿ ನೆಲದ ಮೇಲೆ, ಮನಿಪ್ಲಾಂಟಿನ ಮಣ್ಣು ಹಾಸಿಗೆಯ ಮೇಲೆ. ನನ್ನ ತಂಗಿಯ ಮಗ ಲಕ್ಷಗಟ್ಟಲೆ ಸುರಿದು ಮಾಡಿಸಿದ ಗಾಡಿಯನ್ನು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿ, "ಹ್ಯಾಂಗದ ದೊಡ್ಡವ್ವ?" ಎಂದು ಕೇಳಿದ. "ನಿಂತಾಗ ಚೊಲೋ ಅದ, ಒಂದು ಸುತ್ತು ಹೊಡೆಸು" ಅಂದೆ. ರಸ್ತೆಯ ಮೊದಲನೇ ಹಂಪ್‌ಗೇ ಒಳಗಿನ ಡ್ರಾಯರುಗಳೆಲ್ಲ ಒಟ್ಟಿಗೆ ಬಾಯಿ ತೆರೆದವು. ಮೆಲ್ಲಗೆ ತಾನೇ ಮುಚ್ಚಿಕೊಳ್ಳುವ ಸಾಫ್ಟ್ ಕ್ಲೋಸ್ ಚಾನೆಲ್ ಹಾಕಿಸಿದ್ದನಂತೆ! ಅದು ನಿಂತ ಮನೆಗೆ. ಓಡುವ ಮನೆಗೆ ಚಿಲಕ ಬೇಕು, ಎರಡು ಬೆರಳಲ್ಲಿ ಒತ್ತಿ ತೆಗೆಯುವಂಥದ್ದೋ, ಹಳೆಯ ಕಾಲದ ಅಡ್ಡ ಚಿಲಕವೋ, ಏನಾದರೂ ಸರಿ. ಅಯಸ್ಕಾಂತದ ಬಟನ್ ನಂಬಬೇಡಿ.

ನಮ್ಮ ಯಜಮಾನರ ಹತ್ತಿರ ಮೊದಲಿದ್ದದ್ದು ಮ್ಯಾಟಡೋರ್ ವ್ಯಾನು. ಬೇಸಿಗೆ ರಜೆ ಬಂತೆಂದರೆ ಹಿಂದಿನ ಸೀಟು ಕಳಚಿ ಅಟ್ಟಕ್ಕೆ ಹಾಕಿ, ಗಾದಿ ಹಾಸಿ, ಮಕ್ಕಳನ್ನು ತುಂಬಿಕೊಂಡು ಗೋಕರ್ಣಕ್ಕೋ ಬಾದಾಮಿಗೋ ಹೊರಡುತ್ತಿದ್ದೆವು. ಆಗ ಅದನ್ನು ಯಾರೂ ಕ್ಯಾಂಪರ್ ಎನ್ನುತ್ತಿರಲಿಲ್ಲ. ಇಬ್ಬರಿಗೂ ನಿವೃತ್ತಿಯಾದ ಮೇಲೆ ಒಂದು ಹಳೆಯ ಟೆಂಪೋ ಟ್ರಾವೆಲರ್ ತೆಗೆದುಕೊಂಡೆವು, ಉದ್ದದ್ದಲ್ಲ, ಗಿಡ್ಡ ಚಾಸಿಯದ್ದು. ಎತ್ತರದ ಛಾವಣಿಯದ್ದನ್ನೇ ಹುಡುಕಿ. ಗಂಟೆಗಟ್ಟಲೆ ಬಗ್ಗಿ ಅಡುಗೆ ಮಾಡುವ ಸೊಂಟ ನಿಮಗಿದೆಯೇ? ನನಗಿಲ್ಲ. ಉದ್ದದ ಗಾಡಿಯ ಆಸೆಯನ್ನೂ ಬಿಡಿ. ಊರೊಳಗಿನ ತೇರುಬೀದಿಯಲ್ಲಿ ಅದನ್ನು ತಿರುಗಿಸಿ ನೋಡಿದರೆ ಆಸೆ ತಾನಾಗಿಯೇ ಹೋಗುತ್ತದೆ.

ಕಾಗದಪತ್ರದ ಮಾತನ್ನು ಬೇಗ ಮುಗಿಸುತ್ತೇನೆ, ಆದರೆ ಬಿಡುವ ಹಾಗಿಲ್ಲ. ಬಡಗಿಯನ್ನು ಕರೆಯುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಬರೆದದ್ದಕ್ಕಿಂತ ಬೇರೆಯಾಗಿ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ. ಮೊದಲು ಒಪ್ಪಿಗೆ, ಆಮೇಲೆ ಕೆಲಸ, ಕೊನೆಗೆ ಆರ್‌ಸಿಯಲ್ಲಿ ತಿದ್ದುಪಡಿ. ಹಳೆಯ ಟೂರಿಸ್ಟ್ ಗಾಡಿ ಕೊಂಡಿದ್ದರೆ ಹಳದಿ ಬೋರ್ಡನ್ನು ಬಿಳಿಗೆ ಮಾಡಿಸುವುದೂ ಇದೆ. ವಿಮೆಯವರಿಗೂ ಬರೆದು ತಿಳಿಸಿ. ಇದನ್ನು ಹೇಳಿದರೆ ಹುಡುಗರು, "ಯಾರು ನೋಡ್ತಾರೆ ಬಿಡ್ರಿ" ಅನ್ನುತ್ತಾರೆ. ಅಪಘಾತವಾದ ದಿನ ವಿಮೆ ಕಂಪನಿಯವರು ನೋಡುತ್ತಾರೆ, ಅದೂ ಭೂತಗನ್ನಡಿ ಹಿಡಿದು.

ಎಲ್ಲಿ ಏನಿರಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಬಿಡಿಸಬೇಡಿ. ಅಂಗಳ ಗುಡಿಸಿ, ರಂಗೋಲಿ ಪುಡಿ ತೆಗೆದುಕೊಂಡು, ಗಾಡಿಯ ಒಳಗಿನ ಅಳತೆಯನ್ನು ಅಷ್ಟಕ್ಕಷ್ಟೇ ನೆಲದ ಮೇಲೆ ಎಳೆಯಿರಿ. ಚಕ್ರದ ಉಬ್ಬು ಎಲ್ಲಿ ಬರುತ್ತದೆ, ಬಾಗಿಲು ಯಾವ ಕಡೆ ತೆರೆಯುತ್ತದೆ ಎಲ್ಲವೂ ಅದರಲ್ಲಿರಲಿ. ಮಂಚದ ಜಾಗದಲ್ಲಿ ಚಾಪೆ ಹಾಸಿ ಮಲಗಿ ನೋಡಿ. ಒಲೆಯ ಜಾಗದಲ್ಲಿ ಸ್ಟೂಲು ಇಟ್ಟು ನಿಂತು, ಗಂಡನನ್ನು ಹಿಂದಿನಿಂದ ದಾಟಿ ಹೋಗಲು ಹೇಳಿ. ಗೆರೆ ಅಳಿಸಿದರೆ ಜಾಗ ಸಾಲದು ಎಂದರ್ಥ. ಒಂದು ಹಿಡಿ ಪುಡಿಯ ಖರ್ಚಿನಲ್ಲಿ ತಿಳಿಯುವುದನ್ನು ಪ್ಲೈವುಡ್ ಕೊಯ್ದ ಮೇಲೆ ಯಾಕೆ ತಿಳಿದುಕೊಳ್ಳಬೇಕು? ಪ್ಲೈವುಡ್ಡೂ ಅಷ್ಟೇ, ಮನೆಯ ವಾರ್ಡ್‌ರೋಬಿಗೆ ಹಾಕುವ ದಪ್ಪದ ಹಲಗೆ ಇಲ್ಲಿ ಬೇಡ. ತೆಳುವಾದದ್ದು ಸಾಕು, ಆದರೆ ನೀರು ತಾಳುವಂಥದ್ದಾಗಿರಲಿ. ತೂಕ ಹೆಚ್ಚಾದಷ್ಟೂ ಡೀಸೆಲ್ ಕುಡಿಯುತ್ತದೆ, ಘಟ್ಟದಲ್ಲಿ ಬ್ರೇಕು ಕಾಯುತ್ತದೆ.

ನೀರಿನ ತೂಕವನ್ನಂತೂ ಎಲ್ಲರೂ ಮರೆಯುತ್ತಾರೆ. ಒಂದು ಲೀಟರ್ ಎಂದರೆ ಒಂದು ಕಿಲೋ. 100 ಲೀಟರಿನ ಟ್ಯಾಂಕನ್ನು ಹಿಂಬಾಗಿಲಿಗೆ ಒತ್ತಿ ಇಟ್ಟರೆ ಒಂದು ಕ್ವಿಂಟಲ್ ಚೀಲವನ್ನು ಬಾಲಕ್ಕೆ ಕಟ್ಟಿದಂತಾಯಿತು. ಹಿಂದಿನ ಮತ್ತು ಮುಂದಿನ ಚಕ್ರಗಳ ನಡುವೆ, ಆದಷ್ಟು ಕೆಳಗೆ ಇರಲಿ. ಅರ್ಧ ತುಂಬಿದ ಟ್ಯಾಂಕು ತಿರುವಿನಲ್ಲಿ ಗಾಡಿಯನ್ನೇ ಎಳೆಯುತ್ತದೆ, ಅದಕ್ಕೇ ನಾನು ಟ್ಯಾಂಕಿನ ಗೋಜಿಗೇ ಹೋಗದೆ 20 ಲೀಟರಿನ ಕ್ಯಾನುಗಳನ್ನು ಸಾಲಾಗಿ ಬೆಲ್ಟು ಬಿಗಿದು ಇಡುತ್ತೇನೆ. ಒಂದು ಮುಗಿದ ಮೇಲೆ ಇನ್ನೊಂದು. ತೊಳೆಯಲೂ ಸುಲಭ.

ಗ್ಯಾಸಿನ ವಿಷಯದಲ್ಲಿ ತಮಾಷೆ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿದು ಕೂರುತ್ತದೆ. ಮೇಲೆ ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂದು ನೆಮ್ಮದಿಯಾಗಿರುವವರಿಗೆ ಇದು ಗೊತ್ತಿರುವುದಿಲ್ಲ. ಸಿಲಿಂಡರಿನ ಗೂಡಿನ ತಳದಲ್ಲಿ ಗಾಡಿಯ ಹೊರಕ್ಕೆ ತೆರೆಯುವ ಕಿಂಡಿ ಇರಲೇಬೇಕು. 5 ಕಿಲೋದ ಸಣ್ಣ ಸಿಲಿಂಡರ್ ಸಾಕು. ನೆಟ್ಟಗೆ ನಿಲ್ಲಿಸಿ, ಬೆಲ್ಟು ಬಿಗಿದು, ಗಾಡಿ ಹೊರಡುವ ಮುಂಚೆ ರೆಗ್ಯುಲೇಟರ್ ಬಂದ್ ಮಾಡಿ. ಚಳಿಯೆಂದು ಸ್ಟೌ ಹಚ್ಚಿಟ್ಟೋ ಕೆಂಡದ ಬಾಣಲೆ ಒಳಗಿಟ್ಟೋ ಕಿಟಕಿ ಮುಚ್ಚಿ ಮಲಗುವುದಂತೂ ಸಾವನ್ನು ಕರೆದಂತೆ. ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯಿಲ್ಲ, ನಿಮ್ಮನ್ನು ಎಬ್ಬಿಸುವುದೂ ಇಲ್ಲ.

"ಗ್ಯಾಸೇ ಬೇಡ, ಸೋಲಾರ್ ಇದೆ, ಇಂಡಕ್ಷನ್ ಒಲೆ ಇಡ್ತೀವಿ" ಎನ್ನುವವರಿಗೆ ಒಂದು ಲೆಕ್ಕ, ಹೈಸ್ಕೂಲಿನಲ್ಲಿ ಗಣಿತ ಹೇಳಿದವಳು ನಾನು. 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು 1800 ವ್ಯಾಟ್ ಅವರ್. ಮನೆಯ ಇನ್ವರ್ಟರಿಗೆ ಹಾಕುವ ಸೀಸದ ಬ್ಯಾಟರಿಯಾದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದು, ಬೇಗ ಹಾಳಾಗುತ್ತದೆ. ಉಳಿದದ್ದು 900. 1500 ವ್ಯಾಟಿನ ಒಲೆ ಅರ್ಧ ಗಂಟೆ ಉರಿದರೆ ಮುಗಿಯಿತು. ಬೇಳೆ ಬೆಂದೀತು, ಅನ್ನಕ್ಕೆ ಕರೆಂಟಿಲ್ಲ. ಫ್ಯಾನು, ದೀಪ, ಫೋನು, ಚಟ್ನಿಗೊಂದು ಚೂರು ಮಿಕ್ಸಿ, ಇಷ್ಟಕ್ಕೆ ಬ್ಯಾಟರಿ ಇಟ್ಟುಕೊಳ್ಳಿ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಹಾಕಿಸುವುದನ್ನು ಮಾತ್ರ ಎಲೆಕ್ಟ್ರಿಷಿಯನ್ ಮರೆತರೂ ನೀವು ಮರೆಯಬೇಡಿ.

ಈಗ ನಾನು ನಿಜವಾಗಿ ಹೇಳಬೇಕೆಂದು ಕೂತದ್ದು: ಕೌದಿ, ಹಳೆಯ ಬಟ್ಟೆಯನ್ನು ಪದರ ಪದರ ಸೇರಿಸಿ ಹೊಲಿದ ಹಾಸು.

ಓಡುವ ಗಾಡಿಯಲ್ಲಿ ಪಾತ್ರೆ ಗಲಗಲ ಅನ್ನಬಾರದು. ಸದ್ದು ಬರೀ ಕಿವಿಯ ಕಿರಿಕಿರಿಯಲ್ಲ. ಎಲ್ಲಿ ಸದ್ದಿದೆಯೋ ಅಲ್ಲಿ ಏನೋ ಒಂದು ಇನ್ನೊಂದಕ್ಕೆ ತಿಕ್ಕುತ್ತಿದೆ, ಸ್ಕ್ರೂ ಸಡಿಲವಾಗುತ್ತಿದೆ, ಅಲ್ಯೂಮಿನಿಯಂ ಪಾತ್ರೆ ಕಪ್ಪು ಬಿಡುತ್ತಿದೆ. ಗಾಡಿ ಓಡಿಸುವವರ ತಲೆಯೂ ಕೆಡುತ್ತದೆ. ಅಂಗಡಿಯಲ್ಲಿ ಸಿಗುವ ರಬ್ಬರು ಜಾಳಿಗೆಯ ಮ್ಯಾಟನ್ನು ಎಲ್ಲರೂ ಹಾಸುತ್ತಾರೆ. ಬಿಸಿಲಿಗೆ ನಿಂತ ಗಾಡಿಯಲ್ಲಿ ಅದು ಹಲಗೆಗೆ ಅಂಟಿಕೊಂಡು ಕೂರುತ್ತದೆ, ಕೀಳಲು ಹೋದರೆ ಚೂರು ಚೂರು. ಪಾತ್ರೆಗಳ ನಡುವಿನ ಸಂದಿಗೆ ಅದರಿಂದ ಏನೂ ಉಪಯೋಗವಿಲ್ಲ.

ಹಳೆಯ ಕಾಟನ್ ಸೀರೆ ತೆಗೆದುಕೊಳ್ಳಿ, ಉಟ್ಟು ಉಟ್ಟು ಮೆತ್ತಗಾದದ್ದು. ಸಿಂಥೆಟಿಕ್ ಜಾರುತ್ತದೆ, ಬೇಡ. ಒಗೆಯುವಾಗ ಬಟ್ಟೆ ಮೆತ್ತಗಾಗಿಸುವ ಕಂಫರ್ಟು ಗಿಂಫರ್ಟು ಹಾಕಬೇಡಿ. ಟವೆಲಿಗೂ ಅದನ್ನು ಸುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಘಮಘಮ ಅನ್ನುತ್ತದೆ, ಮೈಯ ನೀರನ್ನು ಮಾತ್ರ ಹೀರುವುದಿಲ್ಲ, ಮೈಮೇಲೆ ಸವರಿಕೊಂಡು ಹೋಗುತ್ತದೆ ಅಷ್ಟೇ. ನಮ್ಮ ಸೊಸೆಗೆ ಹೇಳಿ ಹೇಳಿ ಸಾಕಾಯಿತು. ಬಿಸಿನೀರಿನಲ್ಲಿ ಒಂದೆರಡು ಸಲ ಜಾಲಿಸಿ, ಬಿಸಿಲಿಗೆ ಹಾಕಿ. ಇರಲಿ, ಕೌದಿಗೆ ಬರೋಣ.

ಸೀರೆಯನ್ನು ನಾಲ್ಕೈದು ಪದರ ಮಾಡಿ. ಕೈಯಲ್ಲಿ ಹಿಸುಕಿದರೆ ಮಡಚಿದ ಚಪಾತಿಯಷ್ಟು ದಪ್ಪ ಸಿಗಬೇಕು. ಹೊಲಿಗೆ ಕೈಯದ್ದೇ ಆಗಲಿ, ಮಶೀನಿನಲ್ಲಿ ಹೊಲಿದರೆ ಬಿಗಿದು ಹಲಗೆಯಾಗುತ್ತದೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಜನಾಂಗದ ಹೆಂಗಸರು ಕೌದಿ ಹೊಲಿಯುವುದನ್ನು ನೋಡಿ: ಹೊರಗಿನ ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೆ ಬಟ್ಟೆ ಮಡಚಿದ ಹೂವು ಇಡುತ್ತಾರೆ. ನಾನೂ ಹೊರಗಿನಿಂದಲೇ ಸುತ್ತುತ್ತೇನೆ. ಅಂಚು ಮೊದಲು ನಿಂತುಬಿಡುವುದರಿಂದ ಅಳತೆ ಕೆಡುವುದಿಲ್ಲ, ಕಪಾಟಿಗೆ ಸರಿಯಾಗಿ ಕೂರುತ್ತದೆ. ಅಳತೆಯನ್ನು ಮಾತ್ರ ಕಪಾಟಿನ ತಳಕ್ಕಿಂತ ನಾಲ್ಕು ಬೆರಳು ಜಾಸ್ತಿ ಇಟ್ಟುಕೊಳ್ಳಿ, ಗೋಡೆಯ ಮೇಲೆ ಸ್ವಲ್ಪ ಏರಿ ನಿಲ್ಲಬೇಕು.

ತಳಕ್ಕೆ ಒಂದು ಆಯಿತು. ಆಮೇಲೆ ದುಂಡನೆಯ ಬಿಲ್ಲೆಗಳು. ಕುಕ್ಕರಿನೊಳಗೆ ಪಾತ್ರೆ, ಪಾತ್ರೆಯೊಳಗೆ ಡಬರಿ, ಡಬರಿಯೊಳಗೆ ಲೋಟ ಹೀಗೆ ಒಂದರೊಳಗೊಂದು ಕೂರಿಸುವಾಗ ಪ್ರತಿಯೊಂದರ ನಡುವೆ ಒಂದು ಬಿಲ್ಲೆ. ಬಿಲ್ಲೆ ತಳದಷ್ಟೇ ಇದ್ದರೆ ಸಾಲದು, ಬದಿಗೂ ಮಡಚಿಕೊಂಡು ಬರಬೇಕು, ಸದ್ದು ಬರುವುದು ಬದಿಯಿಂದಲೇ. ಮುಚ್ಚಳಗಳನ್ನು ಅಡ್ಡ ಪೇರಿಸಬೇಡಿ. ಉದ್ದನೆಯ ಪಟ್ಟಿಗೆ ಜೇಬು ಹೊಲಿದು, ಒಂದೊಂದು ಜೇಬಿನಲ್ಲಿ ಒಂದೊಂದನ್ನು ನಿಲ್ಲಿಸಿ, ಕಪಾಟಿನ ಬಾಗಿಲಿನ ಒಳಬದಿಗೆ ಜಡಿಯಿರಿ. ಸೌಟು, ಚಮಚ, ಇಕ್ಕಳಕ್ಕೂ ಅಂಥದ್ದೇ ಜೇಬುಪಟ್ಟಿ, ಸುರುಳಿ ಸುತ್ತಿ ಲಾಡಿ ಕಟ್ಟಿದರಾಯಿತು. ಎಣ್ಣೆ, ಉಪ್ಪಿನಕಾಯಿ ಬಾಟಲಿಗೆ ಹಳೆಯ ಕಾಲುಚೀಲ ಹಾಕಿ. ನಗಬೇಡಿ, ಗಾಜಿಗೆ ಅದಕ್ಕಿಂತ ಒಳ್ಳೆಯ ಅಂಗಿ ಇಲ್ಲ. ಕೊನೆಗೆ ಬಟ್ಟೆಯ ಚೂರುಗಳನ್ನೆಲ್ಲ ಉದ್ದಕ್ಕೆ ಸುತ್ತಿ, ತೋಳಿನ ದಪ್ಪ ಹೊಲಿದು, ಪಾತ್ರೆಯ ಸಾಲಿನ ಮುಂದೆ ತುರುಕಿ. ಬಾಗಿಲು ಮುಚ್ಚುವಾಗ ಅಂಗೈಯಿಂದ ಸ್ವಲ್ಪ ಒತ್ತಬೇಕಾಗಿ ಬಂದರೆ ಸರಿಯಾಗಿದೆ. ತಾನಾಗಿ ಮುಚ್ಚಿಕೊಂಡರೆ ಇನ್ನೂ ತುಂಬಬೇಕು.

ಇಷ್ಟಾದ ಮೇಲೆ ಪರೀಕ್ಷೆ. ಪಾತ್ರೆಗೂ ಗೋಡೆಗೂ ನಡುವೆ ಒಂದು ಕಾಗದದ ಚೂರು ಬಿಡಿ. ಜಾರಿ ಕೆಳಗೆ ಹೋದರೆ ಅಲ್ಲಿ ಸಂದಿ ಇದೆ. ಆಮೇಲೆ ಯಾರಾದರೂ ಗಾಡಿಯನ್ನು ನಿಧಾನಕ್ಕೆ ಹಂಪುಗಳ ಮೇಲೆ ಹೊಡೆಯಲಿ, ನೀವು ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂತು ಕೇಳಿ. ಹಾಡು ಬಂದ್, ಮಾತು ಬಂದ್. ಸದ್ದು ಯಾವ ಕಪಾಟಿನದು ಎಂದು ಗೊತ್ತಾದ ಮೇಲೆ ಗಾಡಿ ನಿಲ್ಲಿಸಿ, ಅದರಿಂದ ಒಂದೇ ಒಂದು ಸಾಮಾನು ತೆಗೆದು ಮತ್ತೆ ಹೊರಡಿ. ಎರಡನ್ನು ಒಟ್ಟಿಗೆ ತೆಗೆದರೆ ಕಳ್ಳ ಯಾರೆಂದು ತಿಳಿಯುವುದಿಲ್ಲ. ನಮ್ಮ ಯಜಮಾನರು ಇದಕ್ಕೆ ಬಹಳ ಗೊಣಗುತ್ತಿದ್ದರು, "ಇನ್ನೆಷ್ಟು ಸುತ್ತು ಹೊಡೆಸ್ತೀಯೇ" ಅಂತ. ಹೊಡೆಸಿದೆ. ಒಂದು ಸಲ ಎಲ್ಲ ಕಪಾಟೂ ಸುಮ್ಮನಾದ ಮೇಲೆ ಕಿಣಿಕಿಣಿ ಮಾಡುತ್ತಿದ್ದದ್ದು ಅವರದೇ ಕೀಗೊಂಚಲು.

ಭಾರದ್ದು ಕೆಳಗೆ, ಹಗುರದ್ದು ಮೇಲೆ ಎಂಬುದನ್ನು ಬಿಡಿಸಿ ಹೇಳಬೇಕೇ? ಹೇಳಬೇಕು, ಯಾಕೆಂದರೆ ಒಬ್ಬಳು ಹುಡುಗಿ ಕಬ್ಬಿಣದ ಕಾವಲಿಯನ್ನು ತಲೆದಿಂಬಿನ ಮೇಲಿನ ಗೂಡಿನಲ್ಲಿ ಇಟ್ಟಿದ್ದನ್ನು ನಾನೇ ನೋಡಿದ್ದೇನೆ.

ತಗಡಿನ ಛಾವಣಿ ಬಿಸಿಲಿಗೆ ಕಾಯುತ್ತದೆ, ಹೊರಗೆ ಬಿಳಿ ಬಣ್ಣ, ಒಳಗೆ ಶಾಖ ತಡೆಯುವ ಫೋಮು ಇದ್ದರೆ ತಡೆಯಬಹುದು. ಮಲೆನಾಡಿನ ಮಳೆಯಲ್ಲಿ ಕಥೆ ಬೇರೆ. ಕಿಟಕಿ ಪೂರ್ತಿ ಮುಚ್ಚಿ ಮಲಗಿದರೆ ನಿಮ್ಮ ಉಸಿರೇ ತಗಡಿಗೆ ತಾಗಿ ನೀರಾಗಿ ಬೆಳಗಿನ ಜಾವಕ್ಕೆ ತೊಟ್ಟಿಕ್ಕುತ್ತದೆ. ಎದುರುಬದುರಿನ ಎರಡು ಕಿಟಕಿ ಎರಡು ಬೆರಳು ತೆರೆದಿರಲಿ, ಸೊಳ್ಳೆ ಜಾಳಿಗೆ ಹಾಕಿ. ಗಾದಿಯನ್ನು ಹಲಗೆಯ ಮೇಲೆ ನೇರ ಹಾಸಬೇಡಿ. ಪಟ್ಟಿ ಪಟ್ಟಿ ಜೋಡಿಸಿದ ಮಂಚ ಮಾಡಿಸಿ, ಇಲ್ಲವೇ ಅಡಿಗೆ ತೆಂಗಿನ ನಾರಿನ ಚಾಪೆ ಹಾಕಿ.

ಶೌಚದ ಪೆಟ್ಟಿಗೆಯನ್ನು ಹೊಳೆಗೆ, ಕೆರೆಗೆ, ಯಾರದೋ ತೋಟದ ಬೇಲಿಗೆ ಸುರಿಯುವವರಿಗೆ ನನ್ನ ಹತ್ತಿರ ಒಳ್ಳೆಯ ಮಾತಿಲ್ಲ. ಪೆಟ್ರೋಲ್ ಬಂಕಿನಲ್ಲಿ ಡೀಸೆಲ್ ಹಾಕಿಸಿ, ಕೇಳಿ, ಅವರ ಶೌಚಾಲಯದಲ್ಲಿ ಖಾಲಿ ಮಾಡಿ, ತೊಳೆದು ಬನ್ನಿ. ಪಾತ್ರೆ ತೊಳೆದ ನೀರಿಗೂ ಒಂದು ಕ್ಯಾನು ಇರಲಿ. ರಾತ್ರಿ ತಂಗುವ ಜಾಗವನ್ನು ಬೆಳಕಿರುವಾಗಲೇ ನೋಡಿಕೊಳ್ಳಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್ ಇರುತ್ತದೆ; ಗುಂಡ್ಲುಪೇಟೆಯಲ್ಲಿ ಹರಟೆ ಹೊಡೆಯುತ್ತ ಕೂತು ಆಮೇಲೆ ಗೇಟಿನವರ ಜೊತೆ ಜಗಳಕ್ಕೆ ನಿಲ್ಲಬೇಡಿ. ತಡವಾದರೆ ಊರಲ್ಲೇ ಉಳಿಯಿರಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ಇದ್ದರೆ ಒಲೆಯನ್ನೂ ಹಚ್ಚಬೇಕಿಲ್ಲ.

ಮನೆಗೆ ಬಂದ ದಿನ ದಣಿವೆಂದು ಬೀಗ ಹಾಕಿ ಒಳಗೆ ಹೋಗಿಬಿಡುತ್ತೀರಲ್ಲ, ಅಲ್ಲೇ ಗಾಡಿ ಹಾಳಾಗುವುದು. ಕ್ಯಾನುಗಳನ್ನು ಬಸಿದು ಬೋರಲು ಹಾಕಿ, ಸಿಲಿಂಡರ್ ಇಳಿಸಿ, ಕಪಾಟಿನ ಬಾಗಿಲುಗಳನ್ನೆಲ್ಲ ತೆರೆದಿಡಿ. ಕೌದಿ, ಬಿಲ್ಲೆ, ಜೇಬುಪಟ್ಟಿ ಎಲ್ಲವನ್ನೂ ಹೊರಗೆ ತೆಗೆದು ಬಿಸಿಲಿಗೆ ಹಾಕಿ, ಮಸಾಲೆಯ ವಾಸನೆ ಹೋಗುವ ತನಕ. ಮಳೆಗಾಲವಾದರೆ ಇಸ್ತ್ರಿಯನ್ನಾದರೂ ಆಡಿಸಿ. ಒದ್ದೆಯಾಗಿಯೇ ಒಳಗೆ ಬಿಟ್ಟರೆ ಬೂಸ್ಟು ಹಿಡಿಯುತ್ತದೆ, ಬೂಸ್ಟು ಹಿಡಿದ ಕೌದಿಯನ್ನು ತೊಳೆದು ಮತ್ತೆ ಪಾತ್ರೆಗೆ ಇಡಬೇಡಿ, ಹೊಸದು ಹೊಲಿಯಿರಿ.