ತಾರಸಿಯ ನೀರನ್ನು ಮೋರಿಗೆ ಬಿಡುವವರಿಗೆ

ಮಳೆಗಾಲದಲ್ಲಿ ತಾರಸಿಯ ನೀರನ್ನೆಲ್ಲ ಮೋರಿಗೆ ಹರಿಯಬಿಟ್ಟು, ಬೇಸಿಗೆ ಬರುತ್ತಲೇ ಟ್ಯಾಂಕರಿನವನಿಗೆ ದಿನಕ್ಕೆ ನಾಲ್ಕು ಸಲ ಫೋನು ಮಾಡುವ ಮನೆಗಳನ್ನು ನಮ್ಮ ಬೀದಿಯಲ್ಲೇ ನೋಡಿ ಬೇಸತ್ತು ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿಗೆ ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪು ಹಚ್ಚಿ ಮೇಲೇರಿಸಿ ತರಬೇಕು. 30x40 ಅಡಿಯ ನಿವೇಶನದಷ್ಟು ತಾರಸಿಯ ಮೇಲೆ ಒಂದೇ ಸೆಂಟಿಮೀಟರ್ ಮಳೆಯಾದರೂ 1000 ಲೀಟರಿಗೂ ಮಿಕ್ಕ ನೀರು ಯಾರ ಹಂಗೂ ಇಲ್ಲದೆ ಇಳಿಯುತ್ತದೆ. 2009ರಲ್ಲಿ ಮಳೆನೀರನ್ನು ಹಿಡಿದಿಡಬೇಕೆಂಬ ಕಾನೂನೂ ಬಂತು, ಆದರೆ ತೋರಿಕೆಗೊಂದು ಪೈಪು ಇಳಿಸಿದವರೇ ಹೆಚ್ಚು.

ತಾರಸಿಯನ್ನು ಗುಡಿಸಿ ಪೈಪು ಕೂಡಿಸುವುದನ್ನು ಹೇಳಿಕೊಡಬೇಕಾಗಿಲ್ಲ. ಮೊದಲ ಮಳೆಯ ನೀರನ್ನು ಮಾತ್ರ ಹಿಡಿಯಬೇಡಿ. ಧೂಳೂ ಹಕ್ಕಿಯ ಹಿಕ್ಕೆಯೂ ತೊಳೆದುಹೋಗುವಷ್ಟು ಹೊತ್ತು ಅದು ತೆಂಗಿನ ಬುಡಕ್ಕೆ ಹೋಗಲಿ. ಇನ್ನು ಡ್ರಮ್ಮಿಗೆ ಇಳಿಯುವ ನೀರನ್ನು ಸೋಸುವ ಬಟ್ಟೆಯ ವಿಷಯ. ನನ್ನ ಸೊಸೆ ಹೊಸ ಟವೆಲನ್ನು ಡ್ರಮ್ಮಿನ ಬಾಯಿಗೆ ಹೊದಿಸಿದ್ದಳು; ಅದರಲ್ಲಿ ನೀರು ಇಳಿಯುವುದೂ ಇಲ್ಲ, ಜುಂಗು ಬೀಳುವುದೂ ತಪ್ಪುವುದಿಲ್ಲ. ಹತ್ತಾರು ವರ್ಷ ಒಗೆದು ಮೆತ್ತಗಾದ ಹತ್ತಿಯ ಪಂಚೆಯೇ ಬೇಕು. ಅದನ್ನು ನಾಲ್ಕು ಮಡಿಕೆ ಮಾಡಿ, ನಡುವೆ ಬೊಗಸೆಯಷ್ಟು ತಗ್ಗು ಉಳಿಯುವಂತೆ ಸಡಿಲವಾಗಿ ಕಟ್ಟಬೇಕು. ಬಿಗಿದು ಕಟ್ಟಿದರೆ ನೀರು ಅಂಚಿನಿಂದ ಹೊರಗೇ ಚೆಲ್ಲುತ್ತದೆ. ಮೇಲ್ಮೈಯ ಮೂಲೆಗೆ ಕೆಂಪು ನೂಲಿನ ಒಂದು ಗಂಟು ಹಾಕಿಡಿ. ಈ ಗಂಟನ್ನು ಕಂಡು ಮನೆಯವರೆಲ್ಲ ನಗುತ್ತಾರೆ, ಆದರೆ ಒಗೆದು ಮತ್ತೆ ಕಟ್ಟುವಾಗ ಬಟ್ಟೆ ತಿರುವುಮುರುವಾದರೆ ಎಳೆಗಳಲ್ಲಿ ಉಳಿದ ಕಸವೆಲ್ಲ ಡ್ರಮ್ಮಿನೊಳಗೇ ಇಳಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೋಪು ಸೋಕಿಸದೆ ಒಗೆದು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಬೇಕು. ಡ್ರಮ್ಮಿಗೆ ಮುಚ್ಚಳ ಮರೆತರೆ ಸೊಳ್ಳೆಯ ಸಂಸಾರವನ್ನೂ ನೀವೇ ಸಾಕಬೇಕಾದೀತು. ಕುಡಿಯುವುದಕ್ಕಾದರೆ ಸೋಸಿದ ಮೇಲೂ ಕುದಿಸಲೇಬೇಕು. ಅಂದಹಾಗೆ, ಕೊಳವೆಬಾವಿಯ ಗಡಸು ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲವೆಂದು ಅಡಿಗೆ ಸೋಡಾ ಸುರಿಯುವವರು ಒಮ್ಮೆ ಈ ನೀರಿನಲ್ಲಿ ಬೇಯಿಸಿ ನೋಡಲಿ.

ಡ್ರಮ್ಮು ತುಂಬಿ ಮಿಕ್ಕದ್ದು, ನೀರನ್ನು ನೆಲದೊಳಕ್ಕೆ ಇಳಿಸುವ ಇಂಗುಗುಂಡಿಗೆ ಹೋಗಬೇಕು. ಮುಂದಿನವರ ನೀರಿನ ಚಿಂತೆ ನಮಗೇಕೆ, ಅಷ್ಟರಲ್ಲಿ ಹೊಸ ಯಂತ್ರವೇನಾದರೂ ಬಂದಿರುತ್ತದೆ ಎಂದು ನಮ್ಮ ಅಳಿಯಂದಿರು ವಾದಿಸುತ್ತಾರೆ. ತುಮಕೂರು ಸೀಮೆಯ ನಮ್ಮ ಊರಿನಲ್ಲಿ ಅಜ್ಜ ತೋಡಿಸಿದ ಬಾವಿಯಿಂದ ಏಳೆಂಟು ಮಾರು ಹಗ್ಗಕ್ಕೆ ಕೊಡ ತುಂಬಿ ಬರುತ್ತಿತ್ತು. ಆಮೇಲೆ ಹೊಸ ಯಂತ್ರ ಬಂದದ್ದೂ ನಿಜ, ಅದು ಸಾವಿರ ಅಡಿ ಕೊರೆದು ಧೂಳೆಬ್ಬಿಸಿ ಹೋಯಿತು. ಅಜ್ಜ ನಮಗೆಂದು ಉಳಿಸಿದ್ದನ್ನು ಬರಿದು ಮಾಡಿದವರಲ್ಲಿ ನಾನೂ ಒಬ್ಬಳು. ಆದ್ದರಿಂದಲೇ ಗುಂಡಿಯ ಮೇಲ್ಪದರದ ಮರಳಿನಲ್ಲಿ ಹೂಳು ಕಟ್ಟಿದೆಯೇ ಎಂದು ಪ್ರತಿವರ್ಷ ಮುಂಗಾರಿಗೆ ಮೊದಲೇ ಕೈಹಾಕಿ ನೋಡುತ್ತೇನೆ. ಬೆರಳಿಗೆ ಜಿಗುಟು ಹತ್ತಿದರೆ ಮೊಮ್ಮಗನನ್ನು ಕೂಗಿ, ಆ ಮರಳನ್ನು ತೆಗೆಸಿ ತೊಳೆಸುತ್ತೇನೆ.