ಅಂಗಳದಡಿಯ ಪೈಪು ಯಾರದ್ದು?

ಅಮೆರಿಕಾದ ಪಿಟ್ಸ್‌ಬರ್ಗ್ ನಗರದ ಪೂರ್ವಕ್ಕಿರುವ ಈ ಮನೆಗೆ ಬಂದ ವರ್ಷವೇ ಆ ಕಾಗದ ಬಂತು. ಮೇಲೆ ನಮ್ಮ ಪುರಸಭೆಯ ಮುದ್ರೆ. ನೀರಿನ ಬಿಲ್ ಇರಬೇಕೆಂದು ಒಡೆದು ನೋಡಿದರೆ ಒಳಗೆ ಪೈಪು ಕೆಟ್ಟರೆ ರಿಪೇರಿ ಮಾಡಿಕೊಡುವ ವಾರಂಟಿ: ಒಳಚರಂಡಿ ಪೈಪಿಗೆ ತಿಂಗಳಿಗೆ ಹತ್ತು ಡಾಲರಿನೊಳಗೆ, ನೀರಿನ ಪೈಪಿಗೆ ಇನ್ನೈದಾರು. ಕಳಿಸಿದ್ದು ಖಾಸಗಿ ಕಂಪನಿ. ಇಲ್ಲಿ ಎಷ್ಟೋ ಊರುಗಳು ತಮ್ಮ ಹೆಸರು, ಮುದ್ರೆ ಬಳಸಲು ಬಿಟ್ಟು ರಾಯಲ್ಟಿ ಪಡೆಯುತ್ತವೆ. ಮೋಸವೇನಲ್ಲ. ಆದರೆ ಸರ್ಕಾರದ್ದೇ ಅಂದುಕೊಂಡು ಹಣ ಕಟ್ಟಿದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಕಸದ ಬುಟ್ಟಿಗೆ ಹಾಕುವವನಿದ್ದೆ. ತಡೆದದ್ದು ಮನೆ ಕೊಳ್ಳುವಾಗ ಪೈಪಿನೊಳಗೆ ಕ್ಯಾಮೆರಾ ಬಿಟ್ಟು ತೆಗೆಸಿದ್ದ ವಿಡಿಯೊ. 1950ರ ದಶಕದ ಮನೆ. ಗೋಡೆಯಿಂದ ರಸ್ತೆಯವರೆಗೆ ಸುಮಾರು 70 ಅಡಿ ಟೆರಾಕೋಟ, ಅಂದರೆ ಹೆಂಚಿನ ಹಾಗೆ ಸುಟ್ಟ ಮಣ್ಣಿನ ಪೈಪು. ಎರಡು ಮೂರು ಅಡಿಗೊಂದು ಜೋಡಣೆ, ಮೇಲೆ ಮೇಪಲ್ ಮರ. ಬೆಂಗಳೂರಲ್ಲಿ ಚರಂಡಿ ಉಕ್ಕಿದರೆ ಜಲಮಂಡಳಿಗೆ ಫೋನು ಮಾಡಿ ಬೈದು ರೂಢಿ. ಇಲ್ಲಿ ನಮ್ಮ ಪೈಪು ಮುಖ್ಯ ಕೊಳವೆಗೆ ಸೇರುವ ಜಾಗದ ತನಕ ನಮ್ಮದೇ ಹೊಣೆ. ಮಾಮೂಲಿ ಮನೆ ವಿಮೆ ಸವೆತಕ್ಕೂ ಬೇರಿಗೂ ಕೊಡುವುದಿಲ್ಲ. ಮನೆ ಮಾರುವಾಗ ಈ ಕಡೆ ಡೈ ಟೆಸ್ಟ್ ಮಾಡಿಸುತ್ತಾರಲ್ಲ, ಅದನ್ನೂ ನಂಬಿ ಕೂರಬೇಡಿ. ಸೂರಿನ ಮಳೆನೀರು ಒಳಚರಂಡಿಗೆ ಹೋಗುತ್ತಿದೆಯಾ ಅಂತ ನೋಡಲು ಬಣ್ಣದ ನೀರು ಬಿಡುವುದು ಅದು, ಪೈಪಿನ ಗಟ್ಟಿತನ ನೋಡಲಲ್ಲ.

ಒಪ್ಪಂದವನ್ನು ಎರಡು ರಾತ್ರಿ ಕೂತು ಓದಿದೆ. ಮೊದಲು ಹುಡುಕಿದ್ದು ರಕ್ಷಣೆ ಎಲ್ಲಿಗೆ ನಿಲ್ಲುತ್ತದೆ ಅಂತ. ಅಂಗಳದ ಗಡಿಗೇ ನಿಂತರೆ ಪ್ರಯೋಜನವಿಲ್ಲ. ಖರ್ಚೆಲ್ಲ ರಸ್ತೆ ಅಗೆಯುವುದರಲ್ಲೇ ಇದೆ. ನಮ್ಮದು ಮುಖ್ಯ ಕೊಳವೆವರೆಗೂ ಇತ್ತು. ಸೇರಿದ ಮೊದಲ 30 ದಿನ ಏನಾದರೂ ಆದರೆ ಹಣವಿಲ್ಲ, ಮೊದಲೇ ಇದ್ದ ದೋಷಕ್ಕೂ ಇಲ್ಲ. ಒಳಚರಂಡಿ ಪೈಪಿನ ವಾರಂಟಿಗೆ ಸೇರಿಕೊಂಡೆ.

ನೀರಿನ ಪೈಪಿನದ್ದು ಬಿಟ್ಟೆ. ನೆಲಮಾಳಿಗೆಯಲ್ಲಿ ಅದು ಒಳಬರುವ ಕಡೆ ಯಾವ ಲೋಹವೆಂದು ನೋಡಲು ಕೀಲಿಯಿಂದ ಕೆರೆದೆ, ಇಲ್ಲಿನ ಒಂದು ಸೆಂಟ್ ನಾಣ್ಯದ ಕೆಂಪು ಬಣ್ಣ, ತಾಮ್ರ. ಬೆಳ್ಳಗೆ ಹೊಳೆದು ಅಯಸ್ಕಾಂತ ಅಂಟದಿದ್ದರೆ ಸೀಸ, ಅಂಟಿದರೆ ಕಬ್ಬಿಣ. ಸೀಸವಾಗಿದ್ದರೆ ಈ ವಾರಂಟಿಯಿಂದ ಏನೂ ಆಗುತ್ತಿರಲಿಲ್ಲ ಬಿಡಿ, ಸೋರಿದರೆ ಮಾತ್ರ ಬರುತ್ತಾರೆ.

ಹದಿನಾಲ್ಕು ತಿಂಗಳ ಮೇಲೆ ಯುಗಾದಿ. ಅಮ್ಮ ಊರಿಂದ ಬಂದಿದ್ದರು. ಒಬ್ಬರಾದ ಮೇಲೊಬ್ಬರ ಎಣ್ಣೆಸ್ನಾನ, ಜೊತೆಗೆ ವಾಷಿಂಗ್ ಮೆಷಿನ್ನು. ನೆಲಮಾಳಿಗೆಯ ಮೋರಿಯಿಂದ ಸೀಗೆಪುಡಿಯ ನೀರು ವಾಪಸು ಉಕ್ಕತೊಡಗಿತು.

ಗೊತ್ತಿದ್ದ ಪ್ಲಂಬರನ್ನು ಕರೆಯಲು ಕೈ ತುರಿಸಿತು. ಕರೆಯಲಿಲ್ಲ, ನಾವೇ ಕರೆಸಿದವರ ಬಿಲ್ಲನ್ನು ಕಂಪನಿ ಕೊಡುವುದಿಲ್ಲ. ಅವರ ಕಡೆಯವನು ಸಂಜೆಗೆ ಬಂದ. ಪೈಪಿನೊಳಗೆ ಕೇಬಲ್ ಬಿಟ್ಟು ತಿರುಗಿಸಿದರೆ ಕಟ್ಟುಗಟ್ಟಲೆ ಬೇರು. ಕ್ಯಾಮೆರಾದಲ್ಲಿ 40 ಅಡಿಯ ಹತ್ತಿರ, ಕಾಲುದಾರಿಯ ಕೆಳಗೆ, ಪೈಪು ಒಡೆದು ಕುಸಿದಿತ್ತು. ಮಾರನೇ ದಿನ ಕಂಪನಿಯ ಉತ್ತರ: ‘ಇದು ಹಳೆಯ ದೋಷ.’ ಕೊಳ್ಳುವಾಗಿನ ವಿಡಿಯೊ ಕಳಿಸಿದೆ. ಅದೇ ಜೋಡಣೆ ಅದರಲ್ಲಿ ಸ್ವಚ್ಛವಾಗಿ ಕಾಣುತ್ತಿತ್ತು, ಮೂಲೆಯಲ್ಲಿ ತಾರೀಖೂ ಇತ್ತು. ಎರಡು ದಿನಕ್ಕೆ ಒಪ್ಪಿದರು. ಅಲ್ಲಿಯವರೆಗೆ ನಾವು ಸ್ನಾನಕ್ಕೆ ಸ್ನೇಹಿತರ ಮನೆ. ‘ಅಮೆರಿಕಾಗೆ ಬಂದು ಚೆಂಬು ಹಿಡ್ಕೊಂಡು ಇನ್ನೊಬ್ರ ಮನೆಗೆ ಹೋಗೋ ಹಾಗಾಯ್ತಲ್ಲೋ’ ಅಂತ ಅಮ್ಮ.

ಅಗೆಯುವ ಮುಂಚೆ, ನೆಲದಡಿಯ ಪೈಪುಗಳ ಗುರುತು ಹಾಕಿಸುವ 811 ಎಂಬ ಫೋನ್ ನಂಬರಿಗೆ ತಿಳಿಸಿದ್ದರಿಂದ ಗುರುತು ಹಾಕುವವರು ಬಂದು ಹೋದರು: ಹಸಿರು ಚರಂಡಿಗೆ, ನೀಲಿ ಕುಡಿಯುವ ನೀರಿಗೆ, ಹಳದಿ ಗ್ಯಾಸಿಗೆ. ಅಂಗಳ ಹೋಳಿ ಆಡಿದ ಹಾಗಿತ್ತು. ಅಗೆತ, ಪೈಪು, ಕೂಲಿ ಕಂಪನಿಯದ್ದು. ಕಾಲುದಾರಿಯ ಕಾಂಕ್ರೀಟು, ನೆನೆದ ಕಾರ್ಪೆಟ್ಟು, ನೆಲಮಾಳಿಗೆ ತೊಳೆಸಿದ್ದು ನನ್ನ ತಲೆಗೆ. ಚರಂಡಿ ನೀರು ಹಿಂದೆ ಉಕ್ಕಿದಾಗ ಕೊಡುವ ವಾಟರ್ ಬ್ಯಾಕಪ್ ಅನ್ನುವ ಹೆಚ್ಚುವರಿ ರಕ್ಷಣೆ ಮನೆ ವಿಮೆಯಲ್ಲೇ ಸಿಗುತ್ತದೆ. ನಾನು ತೆಗೆದುಕೊಂಡಿರಲಿಲ್ಲ, ಆ ವಾರವೇ ಸೇರಿಸಿದೆ.

ಬದಲಿಸಿದ್ದು ಒಡೆದ ಹನ್ನೆರಡು ಅಡಿ ಮಾತ್ರ; ಅಷ್ಟಕ್ಕೆ ಪಿವಿಸಿ, ಉಳಿದದ್ದೆಲ್ಲ ಅದೇ ಮಣ್ಣು. ಗುಂಡಿ ಮುಚ್ಚುವ ಮೊದಲು ಪ್ಲಂಬರನಿಗೆ ಹೇಳಿ ಗೋಡೆಯಿಂದ ರಸ್ತೆಯವರೆಗೆ ಇನ್ನೊಮ್ಮೆ ಕ್ಯಾಮೆರಾ ಬಿಡಿಸಿ, ಆ ವಿಡಿಯೊವನ್ನು ಮನೆಪತ್ರದ ಜೊತೆ ಇಟ್ಟಿದ್ದೇನೆ. ವಾರಂಟಿಯನ್ನು ಈ ವರ್ಷವೂ ಮುಂದುವರಿಸಿದೆ.