ಹೆಡ್ ಇಳಿಸದೆಯೇ ಬಿಸಿ ಇಳಿಸಿದೆ

ಗುಡ್ಡ ಹತ್ತುವಾಗ ಕುದಿಯುತ್ತಿದ್ದ ನನ್ನ ಹಳೆ ಪೆಟ್ರೋಲ್ ಕಾರು ಈಗ ಬದಿಯಡ್ಕದಿಂದ ಕಾಸರಗೋಡಿಗೆ ಎ.ಸಿ. ಹಾಕಿಕೊಂಡೇ ಹೋಗಿ ಬರುತ್ತದೆ. ಬಿಸಿ ತೋರಿಸುವ ಮುಳ್ಳು ಅರ್ಧ ದಾಟುವುದಿಲ್ಲ. ಇದೇ ಕಾರಿಗೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ, ಹೆಡ್ ಇಳಿಸಿ ಫೇಸಿಂಗ್ (ಉಜ್ಜಿ ಸಮತಟ್ಟು) ಮಾಡದೆ ಗತಿಯಿಲ್ಲ ಎಂದು ಗಾರೇಜಿನವರೆಲ್ಲ ಒಂದೇ ಬಾಯಲ್ಲಿ ಹೇಳಿದ್ದರು. ಒಬ್ಬರು 28 ಸಾವಿರ ಅಂದರು. ಇನ್ನೊಬ್ಬರು "ಬಿಚ್ಚಿದ ಮೇಲೆ ಹೇಳ್ತೇನೆ" ಅಂದರು. ನನಗೆ ಜಾಸ್ತಿ ಹೆದರಿಕೆಯಾದದ್ದು ಎರಡನೆಯ ರೇಟಿಗೆ. ಗುಜರಿಗೆ ಕೊಟ್ಟುಬಿಡು ಎಂದು ಭಾವನ ಸಲಹೆ.

ಅಷ್ಟರಲ್ಲಾಗಲೇ ಹತ್ತು ಸಾವಿರದ ಹತ್ತಿರ ಕೈಬಿಟ್ಟಿತ್ತು. ವಾಟರ್ ಪಂಪ್ ಹೊಸದು, ಕೂಲಿ ಸೇರಿ ಮೂರೂವರೆ ಸಾವಿರ. ಎಂಜಿನ್ ತಣಿಸುವ ದ್ರವ, ಕೂಲೆಂಟ್, ಮತ್ತೆ ಮತ್ತೆ ಬದಲಿಸಿದ್ದಕ್ಕೆ ಲೆಕ್ಕವಿಲ್ಲ. ಸಿಟ್ರಿಕ್ ಆಸಿಡ್ ಹಾಕಿ ಒಳಗಿನಿಂದ ತೊಳೆಸಿದ್ದೂ ಆಯಿತು. ಸ್ವಲ್ಪ ಕೆಂಪು ನೀರು ಬಂತು, ಬಿಸಿ ಇಳಿಯಲಿಲ್ಲ. ಒಬ್ಬ ಮಹರಾಯ ಥರ್ಮೋಸ್ಟಾಟನ್ನೇ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಕಿತ್ತು ಬಿಸಾಡಿದ. ಮಳೆಗಾಲದ ಬೆಳಿಗ್ಗೆ ಎಂಜಿನ್ ಬಿಸಿಯೇ ಆಗುವುದಿಲ್ಲ, ಮೈಲೇಜ್ ಬಿತ್ತು, ಗುಡ್ಡ ಹತ್ತುವಾಗ ಮಾತ್ರ ಮೊದಲಿನ ಹಾಗೇ ಕುದಿತ. ನಮ್ಮ ಕಡೆ ಇನ್ನೂ ಈ ಮದ್ದು ಮಾಡುವವರಿದ್ದಾರೆ. ಮಾಡಿಸಬೇಡಿ.

ಎಲ್ಲರೂ ಗ್ಯಾಸ್ಕೆಟ್ ಅಂದದ್ದು ಕೂಲೆಂಟ್ ಬಾಟಲಿಯಲ್ಲಿ ಗುಳ್ಳೆ ಬರುತ್ತಿತ್ತು ಎಂಬ ಒಂದೇ ಕಾರಣಕ್ಕೆ. ಆದರೆ ಕೂಲೆಂಟ್ ಸೇರಿ ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿರಲಿಲ್ಲ, ಬಿಳಿ ಹೊಗೆ ಇರಲಿಲ್ಲ. ಗ್ಯಾಸ್ಕೆಟ್ ನಿಜಕ್ಕೂ ಹೋಗಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಸ್ವಲ್ಪದರಲ್ಲೇ ರೇಡಿಯೇಟರಿನ ಮೇಲಿನ ಹೋಸ್ ಸಾಮಾನ್ಯವಾಗಿ ಗಟ್ಟಿಯಾಗುತ್ತದೆ. ನನ್ನದು ಮೆತ್ತಗೇ ಇತ್ತು. ಒಂದೂವರೆ ಸಾವಿರ ಕೊಟ್ಟು ನೀಲಿ ದ್ರವದ ಟೆಸ್ಟ್ ಕಿಟ್ ತರಿಸಿದೆ. ಸಿಲಿಂಡರಿನ ಹೊಗೆ ಕೂಲೆಂಟಿಗೆ ಸೇರುತ್ತಿದ್ದರೆ ಅದು ಹಳದಿಯಾಗುತ್ತದೆ. ನೀಲಿ ನೀಲಿಯಾಗೇ ಉಳಿಯಿತು. ಮೆಕ್ಯಾನಿಕ್‌ಗೆ ತೋರಿಸಿದರೆ, ಕಿಟ್ ಡೂಪ್ಲಿಕೇಟ್ ಅಂದ!

ಹಾಗಾದರೆ ಗುಳ್ಳೆ ಎಲ್ಲಿಂದ? ಕೂಲೆಂಟನ್ನು ಒತ್ತಡದಲ್ಲಿ ಮುಚ್ಚಿಡುವ ಕ್ಯಾಪಿನಿಂದ. 0.9 ಬಾರ್ ಒತ್ತಡ ಹಿಡಿಯುವ ಕ್ಯಾಪಿದ್ದರೆ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ನನ್ನದರ ರಬ್ಬರು ಸೀಳಿಹೋಗಿ, ಒತ್ತಡವೇ ನಿಲ್ಲದೆ (ಹೋಸ್ ಮೆತ್ತಗಿದ್ದದ್ದೂ ಇದಕ್ಕೇ ಇರಬಹುದು) ನೂರು ದಾಟಿ ಸ್ವಲ್ಪದರಲ್ಲೇ ಕುದಿದು ಗುಳುಗುಳು. ಹೊಸ ಕ್ಯಾಪಿಗೆ ಇನ್ನೂರೈವತ್ತೋ ಮುನ್ನೂರೋ. ಗುಳ್ಳೆ ನಿಂತಿತು, ಬಿಸಿ ನಿಲ್ಲಲಿಲ್ಲ.

ಎಂಜಿನ್ನಿನ ಬಿಸಿ ಎಷ್ಟೆಂದು ತೋರಿಸುವ ಒಬಿಡಿ ಸ್ಕ್ಯಾನರ್ ಸಿಕ್ಕಿಸಿ ಪೊಸಡಿ ಗುಂಪೆ ಗುಡ್ಡದ ಕಡೆ ಹತ್ತಿಸಿದೆ. 108 ಡಿಗ್ರಿ. ಎ.ಸಿ. ಆಫ್ ಮಾಡಿದರೆ ಆರೇಳು ಡಿಗ್ರಿ ಇಳಿಯುತ್ತದೆ. ಫ್ಯಾನ್ ಜೋರಾಗೇ ತಿರುಗುತ್ತಿದೆ. ಅಂದರೆ ಗಾಳಿ ರೇಡಿಯೇಟರಿಗೆ ತಲುಪುತ್ತಿಲ್ಲ, ಅಲ್ವಾ? ತಲಪಾಡಿಯಿಂದ ಈಚೆ ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲದಲ್ಲಿ ನಾನು ಆ ಕೆಂಪು ಧೂಳಿನಲ್ಲೇ ಓಡಾಡಿದವನು. ಮುಂದಿನಿಂದ ನೋಡಿದರೆ, ರೇಡಿಯೇಟರಿನ ಎದುರಿಗಿರುವ ಎ.ಸಿ. ಕಂಡೆನ್ಸರ್ ಕ್ಲೀನ್. ಎ.ಸಿ. ಪೈಪಿಗೆ ಕೈಹಾಕದೆ, ರೇಡಿಯೇಟರನ್ನು ಮಾತ್ರ ಬಿಡಿಸಿ ಹಿಂದಕ್ಕೆ ವಾಲಿಸಿದೆ. ಎರಡರ ನಡುವೆ ಮುರಮಣ್ಣು, ಹುಲ್ಲಿನ ಬೀಜ, ಹುಳದ ರೆಕ್ಕೆ ಎಲ್ಲ ಸೇರಿ ಕಂಬಳಿಯ ಹಾಗೆ ಕೂತಿತ್ತು. ಮುಂದಿನಿಂದ ನೀರು ಬಿಟ್ಟರೆ ಅದು ಇನ್ನೂ ಒಳಕ್ಕೆ ಹೋಗಿ ಕೂರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೇ ತೊಳೆಯಬೇಕು.

ತೊಳೆದದ್ದು ತೋಟದ ಸ್ಪ್ರೇಯರ್ ಪಂಪಿನಲ್ಲಿ. ಒಂದು ಎಚ್ಚರಿಕೆ: ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಟ್ಟ ಹೋಸನ್ನೇ ಹಿಡಿಯಬೇಡಿ. ಅದರಲ್ಲಿರುವ ಮೈಲುತುತ್ತು ರೇಡಿಯೇಟರಿನ ತೆಳು ಅಲ್ಯೂಮಿನಿಯಂ ಎಲೆಗಳನ್ನು, ಅಂದರೆ ಫಿನ್‌ಗಳನ್ನು, ತಿನ್ನುತ್ತದೆ. ನಾನು ಬೇರೆ ಹೋಸ್ ಹಾಕಿದೆ. ಒತ್ತಡ ತೀರಾ ಕಡಿಮೆ ಇಟ್ಟು, ನೇರವಾಗಿ, ಒಂದು ಮೊಳ ದೂರದಿಂದ. ಓರೆ ಹಿಡಿದರೆ ಫಿನ್ ಮಡಚುತ್ತದೆ. ಆ ಮಣ್ಣು ಮೆತ್ತಗಾಗಲು ರಾತ್ರಿಯಿಡೀ ನೆನೆಯಲು ಹಾಕಿದ್ದು ಯಾವುದು ಎಂದು ಮಾತ್ರ ಕೇಳಬೇಡಿ. ಅಡುಗೆಮನೆಯಲ್ಲೇ ಇದೆ, ಅಷ್ಟು ಸಾಕು.

ಈ ನಡುವೆ ಸುಮ್ನೆ ಒಂದು ಪ್ರಯೋಗ. ನಮ್ಮಲ್ಲಿ ಸುರಂಗದ (ಗುಡ್ಡಕ್ಕೆ ಅಡ್ಡ ಕೊರೆದ ಬಾವಿಯ) ನೀರು ಶುದ್ಧ, ರೇಡಿಯೇಟರಿಗೂ ಅದೇ ಸಾಕು ಅನ್ನುವವರು ತುಂಬಾ. ಹಳೆ ಥರ್ಮೋಸ್ಟಾಟ್ ಮುಚ್ಚಳದ ಚೂರುಗಳನ್ನು ಸುರಂಗದ ನೀರು, ಬೋರ್ ನೀರು, ಕೂಲೆಂಟ್, ಮೂರರಲ್ಲೂ ಹಾಕಿಟ್ಟೆ. ತಿಂಗಳಾಗುವಾಗ ಬೋರ್ ನೀರಿನ ತಳದಲ್ಲಿ ಕೆಂಪು ಗಸಿ. ಸುರಂಗದ ನೀರಿನಲ್ಲಿ ಗಸಿ ಇಲ್ಲ, ಆದರೆ ಲೋಹ ತಿಂದು ಚೂರಿನ ಮೇಲೆ ಬಿಳಿ ಬೂದಿ. ಮುರಕಲ್ಲಿನ ನೀರಿಗೆ ಹುಳಿ ಗುಣ, ಅದಕ್ಕೇ ಇರಬೇಕು. ಕುಡಿಯಲು ಚಂದ, ಕಾರಿಗೆ ಬೇಡ. ಡಿಸ್ಟಿಲ್ಡ್ ವಾಟರ್, ಕೂಲೆಂಟ್ ಅರ್ಧರ್ಧ ಹಾಕಿದೆ.

ಥರ್ಮೋಸ್ಟಾಟ್ ಹೊಸದು ಹಾಕಿ, ಕಾರಿನ ಮೂತಿ ಮೇಲಾಗುವ ಹಾಗೆ ಅಂಗಳದ ಏರಿನಲ್ಲಿ ನಿಲ್ಲಿಸಿ, ಹೀಟರ್ ಫುಲ್ ಇಟ್ಟು ಕೂಲೆಂಟಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆದೆ. ಈ ಸಲದ ಖರ್ಚು ಕಿಟ್ಟೂ ಸೇರಿ ನಾಲ್ಕು ಸಾವಿರದೊಳಗೆ. ಅದೇ ಗುಂಪೆ ಏರಿನಲ್ಲಿ, ಎ.ಸಿ. ಹಾಕಿಯೂ 95, 96 ಡಿಗ್ರಿ. ಕಸ ಒಳಗೆ ಬಾರದಿರಲಿ ಎಂದು ಕಾರಿನ ಎದುರಿಗೆ ಸೊಳ್ಳೆಪರದೆ ಕಟ್ಟಿಯೂ ನೋಡಿದೆ. ಮೂರು ಡಿಗ್ರಿ ಏರಿತು, ಬಿಚ್ಚಿ ಎಸೆದೆ. ಭಾವನ ಪಿಕಪ್ ಕೂಡ ಈಗ ಬಿಸಿಯಾಗುತ್ತಿದೆಯಂತೆ. ಪಂಪ್ ಕೊಡುತ್ತೇನೆ ಅಂದಿದ್ದೇನೆ, ನೆನೆಸುವ ಸಾಮಾನಿಗೆ ಬೇರೆ ರೇಟು.